ಯಜಮಾನನ ಲೆಕ್ಕಪುಸ್ತಕದಲ್ಲಿ ಸಿಕ್ಕ ವಂಶವೃಕ್ಷ

ವಂಶವೃಕ್ಷ ಬರೆಯೋಕೆ ಹೊರಟ ಯಾರಿಗೇ ಆದ್ರೂ ಮೊದಲು ಬೇಕಾಗೋದು ಅಪ್ಪನ ಹೆಸರು. ಆನೆಟ್ ಗಾರ್ಡನ್-ರೀಡ್ ಅವರ 'ದ ಹೆಮಿಂಗ್ಸಸ್ ಆಫ್ ಮಾಂಟಿಸೆಲೊ' (2008) ಅನ್ನೋ ದಪ್ಪ ಪುಸ್ತಕದ ಕಷ್ಟ ಶುರುವಾಗೋದೇ ಅಲ್ಲಿ. ಅಮೆರಿಕ ಇನ್ನೂ ಬ್ರಿಟಿಷರ ವಸಾಹತಾಗಿದ್ದಾಗ ವರ್ಜೀನಿಯಾದಲ್ಲಿ ಬೇರುಬಿಟ್ಟ ಒಂದು ಮನೆತನದ ಚರಿತ್ರೆ ಇದು. ಮನೆತನ ಅಂದೆ, ಆದರೆ ಅವರಿಗೆ ಸ್ವಂತ ಮನೆ ಇರಲಿಲ್ಲ, ಕಾನೂನಿನ ಕಣ್ಣಲ್ಲಿ ಅಪ್ಪನೂ ಇರಲಿಲ್ಲ. 1662ರಲ್ಲಿ ವರ್ಜೀನಿಯಾದವರು ಒಂದು ಕಾನೂನು ಮಾಡಿಕೊಂಡರು. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ಅಪ್ಪ ಯಾರು ಅಂತ ಕೇಳೋ ಹಾಗಿಲ್ಲ. ಇಂಗ್ಲೆಂಡಿನಲ್ಲಿ ಮಗುವಿನ ಅಂತಸ್ತು ಅಪ್ಪನಿಂದ ಬರ್ತಿತ್ತು. ಅದನ್ನ ಇಲ್ಲಿ ತಲೆಕೆಳಗು ಮಾಡಿದರು. ಯಜಮಾನನ ಆಸ್ತಿ ಬೆಳೆಯೋಕೆ ಇದಕ್ಕಿಂತ ಅನುಕೂಲ ಬೇಕೆ?

ಮೂಲದಲ್ಲಿರೋದು ಎಲಿಜಬೆತ್ ಹೆಮಿಂಗ್ಸ್. ಹುಟ್ಟಿದ್ದು 1735ರ ಸುಮಾರಿಗೆ. ತಾಯಿ ಆಫ್ರಿಕಾದವಳು, ತಂದೆ ಹೆಮಿಂಗ್ಸ್ ಅನ್ನೋ ಇಂಗ್ಲಿಷ್ ಹಡಗಿನ ಕಪ್ತಾನ ಅನ್ನೋದು ಮನೆಯವರ ನೆನಪು. ಯಜಮಾನ ಜಾನ್ ವೇಲ್ಸ್‌ನಿಂದ ಎಲಿಜಬೆತ್‌ಗೆ ಆರು ಮಕ್ಕಳು. ಕೊನೆಯವಳು ಸ್ಯಾಲಿ, 1773ರಲ್ಲಿ ಹುಟ್ಟಿದವಳು. ಅದೇ ವರ್ಷ ವೇಲ್ಸ್ ಸತ್ತ. ಅವನ ಜಮೀನು ಮತ್ತು ಸಾಲದ ಒಂದು ಭಾಗ, ಜೊತೆಗೆ 135 ಗುಲಾಮರು ಮಗಳು ಮಾರ್ಥಾಳ ಪಾಲಿಗೆ, ಅಂದರೆ ಅವಳ ಗಂಡ ಥಾಮಸ್ ಜೆಫರ್ಸನ್‌ನ ಪಾಲಿಗೆ ಬಂತು. ಮನುಷ್ಯರೆಲ್ಲ ಹುಟ್ಟಿನಿಂದ ಸಮಾನರು ಅಂತ 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದನಲ್ಲ, ಅದೇ ಜೆಫರ್ಸನ್. ಸ್ಯಾಲಿ ಮಾರ್ಥಾಳ 'ಹಾಫ್ ಸಿಸ್ಟರ್' ಅಂತ ಇಂಗ್ಲಿಷಿನಲ್ಲಿ ಓದುವಾಗ ಅದೊಂದು ಮಾಹಿತಿ ಅಷ್ಟೇ. ಕನ್ನಡದಲ್ಲಿ ಹೇಳಿಕೊಂಡು ನೋಡಿ: ನಾದಿನಿ. ಹೆಂಡತಿ ಸತ್ತ ಮೇಲೆ, ತನ್ನ ಆಸ್ತಿಯ ಪಟ್ಟಿಯಲ್ಲೇ ಇದ್ದ ನಾದಿನಿಯಿಂದ ಮಕ್ಕಳನ್ನು ಪಡೆದ. ಆ ಮಕ್ಕಳ ಹೆಸರನ್ನೂ ಅದೇ ಪಟ್ಟಿಗೆ ಸೇರಿಸಿದ.

ಆ ಪಟ್ಟಿ ಇರೋದು ಜೆಫರ್ಸನ್ನನ 'ಫಾರ್ಮ್ ಬುಕ್'ನಲ್ಲಿ. ಯಾರಿಗೆ ಎಷ್ಟು ಬಟ್ಟೆ, ಯಾರಿಗೆ ಕಂಬಳಿ, ಎಷ್ಟು ಮೀನು, ಯಾರಿಗೆ ಯಾವಾಗ ಮಗು ಹುಟ್ಟಿತು, ಎಲ್ಲ ಅವನ ಸ್ವಂತ ಕೈಬರಹದಲ್ಲಿದೆ. ಹೆಮಿಂಗ್ಸ್ ಮನೆಯವರ ಜಾತಕ ಅಂತ ಉಳಿದಿರೋದು ಮುಖ್ಯವಾಗಿ ಇದೇ. ದನಕರು ಎಣಿಸೋನಿಗೆ ಹುಟ್ಟುಸಾವಿನ ಲೆಕ್ಕ ಬೇಕಲ್ಲ, ಹಾಗೆ ಬರೆದದ್ದು. ಗಾರ್ಡನ್-ರೀಡ್ ಕಾನೂನು ಪ್ರಾಧ್ಯಾಪಕಿ. ಅವರು ಈ ಲೆಕ್ಕವನ್ನ ಎದುರು ಪಕ್ಷದ ಸಾಕ್ಷಿಯನ್ನ ಪ್ರಶ್ನಿಸೋ ಹಾಗೆ ಓದ್ತಾರೆ. ಪುಸ್ತಕದ ದೊಡ್ಡ ಶಕ್ತಿಯೇ ಅದು. 2009ರ ಇತಿಹಾಸದ ಪುಲಿಟ್ಜರ್ ಸುಮ್ಮನೆ ಬಂದಿದ್ದಲ್ಲ.

ಒಂದು ಉದಾಹರಣೆ ಹೇಳ್ತೀನಿ. ಸ್ಯಾಲಿಯ ಮಕ್ಕಳಲ್ಲಿ ದೊಡ್ಡವರಾದದ್ದು ನಾಲ್ವರು: ಬೆವರ್ಲಿ, ಹ್ಯಾರಿಯೆಟ್, ಮ್ಯಾಡಿಸನ್, ಎಸ್ಟನ್. 1822ರಲ್ಲಿ ಬೆವರ್ಲಿ, ಹ್ಯಾರಿಯೆಟ್ ಇಬ್ಬರೂ ಮಾಂಟಿಸೆಲೊ ಬಿಟ್ಟು ಹೋದರು. ಫಾರ್ಮ್ ಬುಕ್ಕಿನಲ್ಲಿ ಜೆಫರ್ಸನ್ ಬರೆದುಕೊಂಡಿದ್ದು, ಓಡಿಹೋದರು ಅಂತ. ಆದರೆ ಅವನ ಮೇಸ್ತ್ರಿ ಎಡ್ಮಂಡ್ ಬೇಕನ್ ಮುಪ್ಪಿನಲ್ಲಿ ನೆನೆಸಿಕೊಂಡಿದ್ದೇ ಬೇರೆ: ಯಜಮಾನರ ಮಾತಿನ ಮೇಲೆ ಹ್ಯಾರಿಯೆಟ್‌ಗೆ ಫಿಲಡೆಲ್ಫಿಯಾಕ್ಕೆ ಕುದುರೆಗಾಡಿಯ ಖರ್ಚು ಕೊಟ್ಟು, ಮೇಲೆ 50 ಡಾಲರ್ ಕೈಗಿಟ್ಟು ತಾನೇ ಕಳಿಸಿದ್ದು ಅಂತ. ಬೀಳ್ಕೊಟ್ಟವನೇ ಓಡಿಹೋದಳು ಅಂತ ಬರೆದಿಟ್ಟ! ಲಿಖಿತ ದಾಖಲೆ ನಂಬಬಹುದು, ಬಾಯಿಮಾತು ನಂಬೋಕಾಗಲ್ಲ ಅನ್ನೋ ಪಂಡಿತರಿಗೆ ಈ ಒಂದು ಸಾಲು ತೋರಿಸಿದರೆ ಸಾಕು.

ಪಂಡಿತರು ಬಹಳ ಕಾಲ ಹಾಗೇ ಅಂದರು. 1873ರಲ್ಲಿ ಮ್ಯಾಡಿಸನ್ ಹೆಮಿಂಗ್ಸ್ ಒಹಾಯೋದ ಪತ್ರಿಕೆಯೊಂದರಲ್ಲಿ ತನ್ನ ಅಜ್ಜಿ, ತಾಯಿ, ತಂದೆ ಯಾರು ಅಂತ ಸ್ಪಷ್ಟವಾಗಿ ಹೇಳಿದ್ದ. ಬಿಳಿಯ ಮೊಮ್ಮಕ್ಕಳು ಮಾತ್ರ ಬೊಟ್ಟು ಮಾಡಿದ್ದು ಜೆಫರ್ಸನ್ನನ ಸೋದರಳಿಯರಾದ ಕಾರ್ ಸೋದರರ ಕಡೆಗೆ. ಇತಿಹಾಸಕಾರರು ನೂರು ವರ್ಷಕ್ಕೂ ಹೆಚ್ಚು ಕಾಲ ಎರಡನೆಯದನ್ನೇ ಹಿಡಿದುಕೊಂಡರು. ಒಬ್ಬನ ಮಾತು ಸಾಕ್ಷಿ, ಇನ್ನೊಬ್ಬನದು ಗಾಳಿಸುದ್ದಿ ಯಾಕಾಯ್ತು ಅಂತ ಗಾರ್ಡನ್-ರೀಡ್ ತಮ್ಮ 1997ರ ಮೊದಲ ಪುಸ್ತಕದಲ್ಲೇ ಕೇಳಿದ್ದರು. ಮರುವರ್ಷವೇ ಡಿಎನ್‌ಎ ಪರೀಕ್ಷೆ ಬಂತು. ಜೆಫರ್ಸನ್‌ಗೆ ಹೆಂಡತಿಯಿಂದ ಬದುಕುಳಿದ ಗಂಡುಮಕ್ಕಳಿಲ್ಲ. ಹಾಗಾಗಿ ಅವನ ಚಿಕ್ಕಪ್ಪ-ದೊಡ್ಡಪ್ಪಂದಿರ ಪೈಕಿ ಒಬ್ಬನಾದ ಫೀಲ್ಡ್ ಜೆಫರ್ಸನ್‌ನ ಗಂಡುಸಂತತಿಯ ರಕ್ತ ತಗೊಂಡು, ಎಸ್ಟನ್ನನ ಗಂಡುಸಂತತಿಯ ಜೊತೆ ಹೋಲಿಸಿದರು. ತಾಳೆಯಾಯ್ತು. ಕಾರ್ ಮನೆತನದ ಜೊತೆ ಆಗಲಿಲ್ಲ. ಅದರಿಂದ ಗೊತ್ತಾಗೋದು ಜೆಫರ್ಸನ್ ಕುಲದ ಗಂಡಸು ಅಂತ ಮಾತ್ರ, ಥಾಮಸ್ಸೇ ಅಂತಲ್ಲ. ಸ್ಯಾಲಿ ಗರ್ಭಿಣಿಯಾದ ಪ್ರತಿ ಸಲವೂ ಅವನು ಊರಲ್ಲೇ ಇದ್ದ ಅನ್ನೋ ಲೆಕ್ಕ, ಮ್ಯಾಡಿಸನ್ನನ ಮಾತು ಎಲ್ಲ ಸೇರಿಸಿದಾಗಲೇ ಚಿತ್ರ ಪೂರ್ತಿ ಆಗೋದು.

ಬಾಯಿಮಾತೆಲ್ಲ ನಿಜ ಅಂತಲೂ ಅಲ್ಲ ಮತ್ತೆ. ವುಡ್ಸನ್ ಅನ್ನೋ ಮನೆತನದವರೂ ತಲೆಮಾರುಗಳಿಂದ ತಾವು ಸ್ಯಾಲಿ-ಜೆಫರ್ಸನ್ನರ ಸಂತಾನ ಅಂತ ಹೇಳಿಕೊಂಡು ಬಂದಿದ್ದರು. ಅದೇ ಪರೀಕ್ಷೆಯಲ್ಲಿ ಅವರದ್ದು ತಾಳೆಯಾಗಲಿಲ್ಲ. ಪಾಪ, ಅವರ ಮನೆಯಲ್ಲಿ ಆ ದಿನ ಏನಾಗಿರಬೇಕು! ಭೈರಪ್ಪನವರ 'ವಂಶವೃಕ್ಷ'ದ ಶ್ರೋತ್ರಿಗಳು ನೆನಪಾದರು.

ನನಗೆ ತಕರಾರಿರೋದು ಪ್ಯಾರಿಸ್ ಭಾಗದ ಬಗ್ಗೆ. 1787ರಲ್ಲಿ ಹದಿನಾಲ್ಕರ ಸ್ಯಾಲಿ, ಜೆಫರ್ಸನ್ನನ ಮಗಳ ಜೊತೆಗಾತಿಯಾಗಿ ಅಲ್ಲಿಗೆ ಹೋಗ್ತಾಳೆ. ಫ್ರಾನ್ಸಿನಲ್ಲಿ ಅರ್ಜಿ ಹಾಕಿದ್ದರೆ ಬಿಡುಗಡೆ ಸಿಗಬಹುದಿತ್ತು. ತನಗೆ ಹುಟ್ಟೋ ಮಕ್ಕಳನ್ನು ಇಪ್ಪತ್ತೊಂದಕ್ಕೆ ಬಿಡುಗಡೆ ಮಾಡ್ತೀನಿ ಅನ್ನೋ ಮಾತು ಪಡೆದು 1789ರಲ್ಲಿ ವಾಪಸ್ ಬಂದಳು ಅಂತ ಮ್ಯಾಡಿಸನ್ ಹೇಳ್ತಾನೆ. ಅವಳ ಒಂದು ಪತ್ರ ಇಲ್ಲ, ಚಿತ್ರ ಇಲ್ಲ. ಆ ಖಾಲಿಯನ್ನ ಲೇಖಕಿ ಪುಟಗಟ್ಟಲೆ 'ಹೀಗೆ ಅನ್ನಿಸಿರಬೇಕು', 'ಹೀಗೆ ಯೋಚಿಸಿರಬಹುದು'ಗಳಿಂದ ತುಂಬ್ತಾರೆ. ಇಬ್ಬರ ನಡುವೆ ಪ್ರೀತಿ ಇದ್ದಿರಬಹುದೇ ಅನ್ನೋ ಪ್ರಶ್ನೆಗೂ ಬರ್ತಾರೆ. ಹಳೆಯ ಇತಿಹಾಸಕಾರರು ಇಂಥದೇ ಖಾಲಿಯನ್ನ ಜೆಫರ್ಸನ್ನನ ಸದ್ಗುಣದಿಂದ ತುಂಬಿದರು ಅಂತ ಇವರೇ ಬೈದಿದ್ದಲ್ಲವೇ? ಇವರು ತಮ್ಮ ಊಹೆಗೆ ಕಾರಣ ಕೊಡ್ತಾರೆ, ಅದು ನಿಜ. ಆದರೂ ಯಜಮಾನನ ಕೈಕೆಳಗಿದ್ದ ಹುಡುಗಿಯ ಮನಸ್ಸು ನಮಗೆ ಸಿಗಲ್ಲ ಅಂತ ಒಪ್ಪಿಕೊಂಡು ಮುಂದೆ ಹೋಗಿದ್ದರೆ ನನಗೆ ಇನ್ನೂ ನಂಬಿಕೆ ಬರ್ತಿತ್ತು.

ಅವಳ ಅಣ್ಣ ಜೇಮ್ಸ್‌ನ ಕಥೆ ಹಾಗಲ್ಲ. ಪ್ಯಾರಿಸ್ಸಿನಲ್ಲಿ ಫ್ರೆಂಚ್ ಅಡುಗೆ ಕಲಿತವನು. ತಮ್ಮ ಪೀಟರ್‌ಗೆ ಆ ವಿದ್ಯೆ ಕಲಿಸಿಕೊಟ್ಟ ಮೇಲೆಯೇ, 1796ರಲ್ಲಿ, ಬಿಡುಗಡೆ. ಆ ವರ್ಷ ಅಡುಗೆಮನೆಯ ಪಾತ್ರೆಗಳನ್ನ ತನ್ನ ಕೈಯಾರೆ ಪಟ್ಟಿ ಮಾಡಿಟ್ಟ ಕಾಗದ ಇವತ್ತಿಗೂ ಇದೆ. ಐದು ವರ್ಷಕ್ಕೆ ಆತ್ಮಹತ್ಯೆ ಮಾಡಿಕೊಂಡ. ಇಲ್ಲಿ ಊಹೆ ಕಮ್ಮಿ, ಓದೋವಾಗ ಹೊಟ್ಟೆಯಲ್ಲಿ ಸಂಕಟ ಜಾಸ್ತಿ.

1826ರಲ್ಲಿ ಜೆಫರ್ಸನ್ ಸತ್ತ. ಮರುವರ್ಷ ಸಾಲ ತೀರಿಸೋಕೆ 130 ಜನರ ಹರಾಜು. ಕಮ್ಮಾರ ಜೋಸೆಫ್ ಫಾಸೆಟ್‌ಗೆ ಉಯಿಲಿನಲ್ಲಿ ಬಿಡುಗಡೆ ಸಿಕ್ಕಿತ್ತು, ಆದರೆ ಅವನ ಹೆಂಡತಿ-ಮಕ್ಕಳು ಬೇರೆಬೇರೆಯವರ ಪಾಲಾದರು. ಪುಸ್ತಕ ಹೆಚ್ಚುಕಡಿಮೆ ಈ ಹೊತ್ತಿಗೆ ನಿಲ್ಲುತ್ತೆ. ಮುಂದಿನ ತಲೆಮಾರುಗಳನ್ನ ಓದುಗರು ಬೇರೆ ಕಡೆ ಹುಡುಕಿಕೊಳ್ಳಬೇಕು, ಇದು ನನ್ನ ಎರಡನೇ ತಕರಾರು. ಯಾಕಂದ್ರೆ ಕಥೆ ಕವಲೊಡೆಯೋದೇ ಅಲ್ಲಿಂದ. ಎಸ್ಟನ್ 1852ರಲ್ಲಿ ವಿಸ್ಕಾನ್ಸಿನ್‌ಗೆ ಹೋಗಿ, ಹೆಸರಿಗೆ ಜೆಫರ್ಸನ್ ಅಂತ ಸೇರಿಸಿಕೊಂಡು ಬಿಳಿಯನಾಗಿ ಬದುಕಿದ. ಮಗ ಜಾನ್ ವೇಲ್ಸ್ ಜೆಫರ್ಸನ್ ಅಂತರ್ಯುದ್ಧದಲ್ಲಿ ಕರ್ನಲ್. ಹಳೇ ಪರಿಚಯದವನೊಬ್ಬ ಎದುರಾದಾಗ, ನನ್ನ ಗುಟ್ಟು ಬಿಡಬೇಡ ಅಂತ ಕೇಳಿಕೊಂಡನಂತೆ. ಮ್ಯಾಡಿಸನ್ ಕಡೆಯವರು ಕರಿಯರಾಗೇ ಉಳಿದರು. ಅವನ ಮೊಮ್ಮಗ ಫ್ರೆಡರಿಕ್ ಮ್ಯಾಡಿಸನ್ ರಾಬರ್ಟ್ಸ್ 1918ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆಗೆ ಆರಿಸಿಬಂದ ಮೊದಲ ಕರಿಯ. ಹ್ಯಾರಿಯೆಟ್ ವಾಷಿಂಗ್ಟನ್ನಿನಲ್ಲಿ ಬಿಳಿಯನನ್ನ ಮದುವೆಯಾದಳು, ಅವನ ಹೆಸರನ್ನ ಮಾತ್ರ ಮ್ಯಾಡಿಸನ್ ಬಾಯಿಬಿಡಲಿಲ್ಲ. ಅವಳ ಮೊಮ್ಮಕ್ಕಳ ಮಕ್ಕಳು ಯಾವ ಊರಲ್ಲಿದ್ದಾರೋ, ಅವರಿಗೇ ಗೊತ್ತಿಲ್ಲದಿರಬಹುದು.

ಮಾಂಟಿಸೆಲೊದ ಕುಟುಂಬ ಸ್ಮಶಾನದಲ್ಲಿ ಹೆಮಿಂಗ್ಸ್ ಸಂತತಿಗೂ ಜಾಗ ಕೊಡಬೇಕೇ ಅನ್ನೋ ಪ್ರಶ್ನೆ 2002ರಲ್ಲಿ ಮತಕ್ಕೆ ಬಂದಾಗ, ಜೆಫರ್ಸನ್ ವಂಶಸ್ಥರ ಸಂಘ ಬೇಡ ಅಂತು. ಇತ್ತ ಕಾನ್ಸಾಸ್‌ನ ಸೈನಿಕರ ಸ್ಮಶಾನವೊಂದರಲ್ಲಿ ಮ್ಯಾಡಿಸನ್ನನ ಮಗ ವಿಲಿಯಂನ ಗೋರಿ ಪತ್ತೆಯಾಯ್ತು. ಅದನ್ನ ಅಗೆದು ಡಿಎನ್‌ಎ ತೆಗೆದರೆ ಮ್ಯಾಡಿಸನ್ನನ ಕವಲಿಗೂ ಪುರಾವೆ ಸಿಗಬಹುದಿತ್ತು. ಮನೆಯವರು ಒಪ್ಪಲಿಲ್ಲ.