ತಾನಾಗಿ ಮಿಡಿಯುವ ತೇಪೆ

ಹೃದಯಾಘಾತದಲ್ಲಿ ಸತ್ತ ಸ್ನಾಯು ಮತ್ತೆ ಬೆಳೆಯದು. ಅಲ್ಲಿ ಕಲೆಯಷ್ಟೇ ಉಳಿಯುತ್ತದೆ. ಆ ಜಾಗಕ್ಕೆ ಪ್ರಯೋಗಾಲಯದಲ್ಲಿ ಹೊಸ ಸ್ನಾಯು ಬೆಳೆಸುವುದು ಈ ಕಾಲದ ಅತಿ ಸೊಗಸಾದ ಕಸುಬು.

ಬೆಳಗಾವಿ ಬಳಿಯ ಖಾನಾಪುರದ ಕುಂಬಾರರ ಮಣ್ಣಿನಂತೆ ಇಲ್ಲಿಯೂ ಹದವೇ ಮುಖ್ಯ. ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳಿಂದ ಪಡೆದ ಹೃದಯಕೋಶಗಳನ್ನು ಕೊಲಾಜೆನ್‌ನಲ್ಲಿ ಬೆರೆಸಿ, 37 ಡಿಗ್ರಿ ಬಿಸುಪಿನಲ್ಲಿಟ್ಟು, ಮೆಲ್ಲಗೆ ಎಳೆದು ಹಿಡಿಯುತ್ತಾರೆ. ಆ ಸೆಳೆತಕ್ಕೆ ಕೋಶಗಳು ಒಂದೇ ದಿಕ್ಕಿಗೆ ಸಾಲುಗೂಡಿ, ತಟ್ಟೆಯಲ್ಲೇ ಒಟ್ಟಾಗಿ ಮಿಡಿಯತೊಡಗುತ್ತವೆ! ಚರ್ಮದ ಕೋಶವನ್ನೂ ಕಾಂಡಕೋಶವಾಗಿಸುವ ದಾರಿ ತೋರಿದ ಜಪಾನಿನ ಶಿನ್ಯಾ ಯಮನಾಕಾಗೆ 2012ರಲ್ಲಿ ನೊಬೆಲ್ ಬಂತು. ಹೀಗೆ ಬೆಳೆಸಿದ ಸ್ನಾಯುವಿನ ತೇಪೆ ರೋಗಿಯ ಹೃದಯದ ಮೇಲೆ ಬದುಕುಳಿದದ್ದನ್ನು ಜರ್ಮನಿಯ ಗಾಟಿಂಗೆನ್ ತಂಡ 2025ರಲ್ಲಿ ಪ್ರಕಟಿಸಿತು.

ಎದೆನೋವೆಂದು ಖಾನಾಪುರದಿಂದ ಬೆಳಗಾವಿಗೆ ಧಾವಿಸುವವರಿಗೆ ಈ ಚಿಕಿತ್ಸೆ ಇನ್ನೂ ದೂರ. ಆದರೂ ದಾನಿಯ ಹೃದಯಕ್ಕಾಗಿ ಕಾಯುವವರ ಪಾಲಿಗೆ ಇಷ್ಟು ದಿಟ್ಟ ಭರವಸೆ ಹಿಂದೆ ಇರಲಿಲ್ಲ.