ಥಾಮಸ್ ಡಾಲ್ಬಿ: ಹಾಡುಗಾರನೊಳಗಿನ ಯಂತ್ರಕುತೂಹಲಿ

ಹೆಸರಿನಿಂದಲೇ ತೊಡಗುವುದು ಲೇಸು; ಏಕೆಂದರೆ ಈತನ ಹೆಸರೇ ಅರ್ಧ ಎರವಲಿನದು. 1958ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈತನ ನಿಜನಾಮ ಥಾಮಸ್ ಮಾರ್ಗನ್ ರಾಬರ್ಟ್‌ಸನ್. ತಂದೆ ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಗ್ರೀಕ್ ಕಲೆಯನ್ನು ಬೋಧಿಸಿದ ಪ್ರಾಧ್ಯಾಪಕರು. ಮಗನಿಗಾದರೋ ಸದಾ ಟೇಪ್ ರೆಕಾರ್ಡರಿನದೇ ಗುಂಗು. ಧ್ವನಿಸುರುಳಿಯ ಸುಯ್ಯೆಂಬ ಸದ್ದನ್ನು ಅಡಗಿಸುವ ಉಪಾಯ ಕಂಡುಹಿಡಿದ ರೇ ಡಾಲ್ಬಿಯ ಹೆಸರನ್ನು ಸಹಪಾಠಿಗಳು ಪರಿಹಾಸ್ಯಕ್ಕಾಗಿ ಇವನಿಗೆ ಅಂಟಿಸಿದರು; ಅದು ಅಂಟಿಯೇ ಉಳಿಯಿತು. ಮುಂದೆ ಕೀರ್ತಿ ಬಂದಾಗ ಡಾಲ್ಬಿ ಸಂಸ್ಥೆಯು ನ್ಯಾಯಾಲಯದ ಮೆಟ್ಟಲೇರಿತು. ‘ಥಾಮಸ್’ ಜತೆಗಿಲ್ಲದೆ ‘ಡಾಲ್ಬಿ’ಯನ್ನು ಬಳಸಕೂಡದೆಂಬ ಕರಾರಿನೊಡನೆ ವ್ಯಾಜ್ಯ ಮುಗಿಯಿತು.

ಈತನ ವಿಷಯವಾಗಿ ಸಾಮಾನ್ಯವಾಗಿ ಕೇಳಿಬರುವ ತೀರ್ಪು ಇಷ್ಟು: ‘ಶೀ ಬ್ಲೈಂಡೆಡ್ ಮಿ ವಿತ್ ಸೈನ್ಸ್’ ಎಂಬ ಒಂದು ಹಾಡಿನಿಂದ ಹೆಸರಾದ, ಬಳಿಕ ಸರಕು ಮುಗಿಯಲು ಹಾಡು ಬಿಟ್ಟು ಯಂತ್ರದ ವ್ಯಾಪಾರಕ್ಕಿಳಿದ. ಈ ತೀರ್ಪಿಗೆ ನನ್ನ ಸಮ್ಮತಿಯಿಲ್ಲ. ‘ದೊಡ್ಡವನಾದ ಮೇಲೆ ಏನಾಗುವೆ?’ ಎಂದು ಹುಡುಗರನ್ನು ಕೇಳಿ, ಒಂದೇ ಮಾತಿನ ಉತ್ತರವನ್ನು ಬಯಸುವ ನಮ್ಮಂಥ ಉಪಾಧ್ಯಾಯರಿಗೆ ಅದು ಬಲು ಹಿತವಾದ ತೀರ್ಪೆಂಬುದೇನೋ ನಿಜ.

ಮೊದಲು ಆ ಪ್ರಸಿದ್ಧ ಹಾಡನ್ನೇ ನೋಡೋಣ. 1982ರಲ್ಲಿ ಹೊರಬಂದ ಅದು 1983ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 5ನೆಯ ಸ್ಥಾನಕ್ಕೇರಿತು. ಪ್ರೇಮಕ್ಕೆ ಸಿಕ್ಕಿ ಕಂಗೆಟ್ಟ ವಿಜ್ಞಾನಿಯ ವಿಡಂಬನೆ ಅದರ ವಸ್ತು. ನಡುನಡುವೆ ಕೂಗುವ ಕಂಠ ಮ್ಯಾಗ್ನಸ್ ಪೈಕ್ ಎಂಬ, ಬ್ರಿಟನ್ನಿನ ದೂರದರ್ಶನದಲ್ಲಿ ಮನೆಮಾತಾಗಿದ್ದ, ನಿಜವಾದ ವಿಜ್ಞಾನಿಯದು. ಜಾಣತನವುಳ್ಳ ಹಾಡು, ಆದರೆ ನಾಲ್ಕನೆಯ ಸಲ ಕೇಳುವಾಗ ಜಾಣತನವಲ್ಲದೆ ಬೇರೇನೂ ಉಳಿಯುವುದಿಲ್ಲ.

ಅದೇ ಕಾಲದ ‘ಒನ್ ಆಫ್ ಅವರ್ ಸಬ್‌ಮರೀನ್ಸ್’ ಎಂಬ ಹಾಡಿನ ಮಾತೇ ಬೇರೆ. ಎರಡನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿಯೊಳಗೆ ಮಡಿದ ತನ್ನ ಸೋದರಮಾವನ ನೆನಪು ಅದರ ಬೇರು. ತಾನು ಹುಟ್ಟುವ ಮೊದಲೇ ಸತ್ತ ಮಾವನನ್ನು ಹೇಗೆ ನೆನೆಯಬೇಕು? ಅಳುವ ಪಿಟೀಲನ್ನು ತರುವುದು ಸುಲಭದ ದಾರಿ. ಡಾಲ್ಬಿ ಸಿಂಥಸೈಜರಿನ ಕೊರೆಯುವ ನಾದವನ್ನೇ ಹಿಡಿದ. ಆ ದಶಕದ ಅನೇಕರು ವಿದ್ಯುನ್ಮಾನ ವಾದ್ಯದಿಂದ ಬರಲಿರುವ ಯುಗವನ್ನು ಸಾರಿದರು. ಈತ ಅದೇ ವಾದ್ಯದಿಂದ ಕಳೆದುಹೋದುದನ್ನು ಕರೆದ. ಮೊದಲ ಸಂಕಲನದ ಹೆಸರೇ ‘ದ ಗೋಲ್ಡನ್ ಏಜ್ ಆಫ್ ವೈರ್‌ಲೆಸ್’, ಅಂದರೆ ರೇಡಿಯೋವಿನ ಸುವರ್ಣಯುಗ. ಅದರಲ್ಲಿ ‘ವಿಂಡ್‌ಪವರ್’ ಎಂಬ ಹಾಡೊಂದಿದೆ. ವಾಚಕರು ಈ ಹೆಸರನ್ನು ಸ್ವಲ್ಪ ನೆನಪಿನಲ್ಲಿಡಬೇಕು. 1984ರ ‘ದ ಫ್ಲ್ಯಾಟ್ ಅರ್ಥ್’ ಇನ್ನೂ ಮಾಗಿದ ಕೃತಿ; ನನ್ನ ಮಟ್ಟಿಗೆ ಈತನ ಶ್ರೇಷ್ಠ ಕೃತಿಯೂ ಅದೇ. 1988ರ ಸಂಕಲನದಲ್ಲಿ ಅಬ್ಬರವೇ ಹೆಚ್ಚು; ಅದನ್ನು ಬಿಟ್ಟು ಮುಂದೆ ಹೋಗಬಹುದು.

1993ರಲ್ಲಿ ಈತ ಕ್ಯಾಲಿಫೋರ್ನಿಯದಲ್ಲಿ ಒಂದು ಸಂಸ್ಥೆಯನ್ನು ಕಟ್ಟಿದ. ಆಗ ಅದರ ಹೆಸರು ಹೆಡ್‌ಸ್ಪೇಸ್. ಮುಂದೆ ಬೀಟ್ನಿಕ್ ಎಂದಾಯಿತು. ಅದರ ಕೆಲಸವನ್ನು ಹೀಗೆ ತಿಳಿಯಬಹುದು: ವಾರ್ಷಿಕೋತ್ಸವಕ್ಕೆ ದೂರದೂರಿನಿಂದ ಗಾಯಕರ ಇಡೀ ತಂಡವನ್ನು ಕರೆಸುವುದು ಒಂದು ದಾರಿ, ಹಾಡಿನ ಸ್ವರಲಿಪಿಯನ್ನು ಕಾರ್ಡಿನಲ್ಲಿ ಬರೆದು ಅಂಚೆಗೆ ಹಾಕಿ, ಇಲ್ಲಿಯ ಹಾರ್ಮೋನಿಯಂ ಮಾಸ್ತರರಿಂದಲೇ ನುಡಿಸುವುದು ಇನ್ನೊಂದು. ಮುದ್ರಿತ ಧ್ವನಿಯನ್ನು ಕಳಿಸುವುದು ಮೊದಲನೆಯದು. ಅದಕ್ಕೆ ಬಹಳ ಸ್ಥಳ ಬೇಕು. ಬೀಟ್ನಿಕ್ ಹಿಡಿದದ್ದು ಎರಡನೆಯದನ್ನು. ವಾದ್ಯಗಳ ನಾದದ ಚಿಕ್ಕ ತುಣುಕುಗಳು ಯಂತ್ರದೊಳಗೇ ಇರುತ್ತವೆ. ಹೊರಗಿನಿಂದ ಬರುವುದು ಯಾವ ಸ್ವರ, ಎಷ್ಟು ಹೊತ್ತು, ಯಾವ ವಾದ್ಯದಲ್ಲಿ ಎಂಬ ಸೂಚನೆ ಮಾತ್ರ. ಒಂದು ಸಲಕ್ಕೆ ಒಂದೇ ಸ್ವರವನ್ನು ಕೀರಲು ದನಿಯಲ್ಲಿ ನುಡಿಯುತ್ತಿದ್ದ ಮೊಬೈಲ್ ಫೋನು ಈ ಉಪಾಯದಿಂದ ಹಲವು ಸ್ವರಗಳನ್ನು ಕೂಡಿಸಿ ನುಡಿಯಲು ಕಲಿಯಿತು. ನೋಕಿಯಾ ಕಂಪನಿ ಅದನ್ನು ಅಂಗೀಕರಿಸಿದ್ದರಿಂದ ಕೋಟ್ಯಂತರ ಜೇಬುಗಳಲ್ಲಿ ಅದು ಮೊಳಗಿತು. ಕೇಳಿದವರಲ್ಲಿ ಎಷ್ಟು ಮಂದಿಗೆ ಅದರ ಹಿಂದಿದ್ದ ಹಾಡುಗಾರನ ಹೆಸರು ಗೊತ್ತಿತ್ತು?

ಇಲ್ಲಿ ‘ಆವಿಷ್ಕಾರಕ’ ಎಂಬ ಪದವನ್ನು ಅಳೆದು ಬಳಸಬೇಕು. ಯಂತ್ರದೊಳಗಣ ಲೆಕ್ಕಾಚಾರವೆಲ್ಲ ಡಾಲ್ಬಿಯೊಬ್ಬನ ಕೈಬರಹವಲ್ಲ. ಅದರಲ್ಲಿ ಇಂಜಿನಿಯರುಗಳ ದುಡಿಮೆಯಿದೆ. ಕೊಂಚ ಸ್ಥಳದಲ್ಲಿ ಸಂಗೀತ ಸಂಗೀತವಾಗಿಯೇ ಉಳಿಯಬೇಕೆಂಬ ಹಟ ಮಾತ್ರ ಸಂಗೀತಗಾರನದು. ಫೋನುಗಳಲ್ಲಿ ಸ್ಥಳ ಹಿಗ್ಗಿ ಮುದ್ರಿತ ಹಾಡುಗಳೇ ರಿಂಗ್‌ಟೋನುಗಳಾದಾಗ ಆ ಜಾಣ ಉಪಾಯದ ಅಗತ್ಯವೇ ಕುಗ್ಗಿತು. ಜಲಾಂತರ್ಗಾಮಿಯ ಹಾಡು ಮಾತ್ರ ಹಳತಾಗಲಿಲ್ಲ. ಯಂತ್ರಕ್ಕೆ ಹೋದವನು ಹಾಡನ್ನು ಕಳೆದುಕೊಂಡನೆನ್ನುವವರು ಇದನ್ನು ಗಮನಿಸಬೇಕು.

1992ರ ತರುವಾಯ ಈತನ ಹೊಸ ಹಾಡುಗಳ ಸಂಕಲನ ಬಂದುದು 2011ರಲ್ಲಿ: ‘ಎ ಮ್ಯಾಪ್ ಆಫ್ ದ ಫ್ಲೋಟಿಂಗ್ ಸಿಟಿ’. ಅದು ಸಿದ್ಧವಾದ ಸ್ಥಳ ವಿಚಿತ್ರವಾದುದು. ಇಂಗ್ಲೆಂಡಿನ ಪೂರ್ವತೀರದ ಸಫಕ್ ಪ್ರಾಂತದಲ್ಲಿ, ತನ್ನ ಮನೆಯ ತೋಟದಲ್ಲಿ, 1930ರ ದಶಕದ ಹಳೆಯ ಜೀವರಕ್ಷಕ ದೋಣಿಯೊಂದನ್ನು ನಿಲ್ಲಿಸಿ ಈತ ಅದನ್ನೇ ಧ್ವನಿಮುದ್ರಣಶಾಲೆಯಾಗಿ ಮಾರ್ಪಡಿಸಿದ್ದ. ಅದಕ್ಕೆ ವಿದ್ಯುತ್ತನ್ನು ಒದಗಿಸುತ್ತಿದ್ದುವು ಬಿಸಿಲು ಮತ್ತು ಗಾಳಿ. ಸುಮಾರು 30 ವರ್ಷಗಳ ಹಿಂದೆ ‘ವಿಂಡ್‌ಪವರ್’ ಎಂದು ಹಾಡಿದವನು ಕೊನೆಗೆ ಗಾಳಿಯ ಬಲದಿಂದಲೇ ಹಾಡು ಮುದ್ರಿಸಿದ. ಹಾಡೇ ಮೊದಲು ಬಂದಿತ್ತು. ಯಂತ್ರ ಹಿಂದಿನಿಂದ ಬಂತು.

2014ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಈತನನ್ನು ಪ್ರಾಧ್ಯಾಪಕನನ್ನಾಗಿ ಬರಮಾಡಿಕೊಂಡಿತು. ತಂದೆಯ ವೃತ್ತಿ ಮಗನನ್ನು ಸುತ್ತುದಾರಿಯಿಂದ ಹಿಡಿಯಿತೆನ್ನಬಹುದು. ಅದಕ್ಕೆ ಒಂದು ವರ್ಷ ಮೊದಲು, ಬಾಲ್ಯದಿಂದ ಕಂಡಿದ್ದ ಆರ್ಫರ್ಡ್‌ನೆಸ್ ದೀಪಸ್ತಂಭವನ್ನು ಕಡಲ ಕೊರೆತದ ಕಾರಣ ಆರಿಸಿಬಿಟ್ಟಾಗ, ಈತ ತಾನೇ ಕ್ಯಾಮೆರಾ ಹಿಡಿದು ‘ದಿ ಇನ್‌ವಿಸಿಬಲ್ ಲೈಟ್‌ಹೌಸ್’ ಎಂಬ ಚಿತ್ರವನ್ನು ತೆಗೆದ. ಅದನ್ನು ಊರೂರಿಗೆ ಒಯ್ದು, ತೆರೆಯ ಪಕ್ಕದಲ್ಲಿ ನಿಂತು, ಕಥೆಯನ್ನು ತಾನೇ ಹೇಳುತ್ತ, ಹಾಡುಗಳನ್ನು ಅಲ್ಲಿಯೇ ನುಡಿಸುತ್ತ ತೋರಿಸಿದ. ಚಿತ್ರದಲ್ಲಿನ ಸಪ್ಪಳಗಳನ್ನು ಕೂಡ ರಂಗದ ಮೇಲೆಯೇ ಜನರ ಕಣ್ಣೆದುರಿಗೆ ಹುಟ್ಟಿಸಲಾಗುತ್ತಿತ್ತು. ನಮ್ಮ ಹರಿಕಥೆಯ ದಾಸರು ಕಂಡಿದ್ದರೆ ಈತನನ್ನು ತಮ್ಮವನೆಂದು ಗುರುತಿಸುತ್ತಿದ್ದರು. ಆ ದೀಪಸ್ತಂಭವನ್ನು 2020ರಲ್ಲಿ ಕೆಡವಿದರು.