ಬಳುಕುವ ವಿಂಡೋದ ಹದ

ಕಾಂಪಿಜ್ ಎಂಬ ತಂತ್ರಾಂಶ ಹಾಕಿದ ಲಿನಕ್ಸ್ ಕಂಪ್ಯೂಟರಿನ ಮುಂದೆ ಯಾರನ್ನೇ ಕೂರಿಸಿ, ಅವರು ಮೊದಲು ಕೇಳುವುದು ಕ್ಯೂಬನ್ನೇ. ಕುದೇರಿನಲ್ಲಿ ನಮ್ಮ ಮನೆಗೆ ಬರುವ ಹುಡುಗರಂತೂ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ‘ಅಣ್ಣ, ಆ ಡಬ್ಬ ತಿರುಗ್ಸಣ್ಣ’ ಅಂತಾರೆ. ಕಂಟ್ರೋಲ್, ಆಲ್ಟ್ ಎರಡನ್ನೂ ಒತ್ತಿಹಿಡಿದು ಮೌಸಿನ ಎಡಗುಂಡಿಯಲ್ಲಿ ಎಳೆದರೆ ಇಡೀ ಪರದೆ ಹಿಂದಕ್ಕೆ ಸರಿದು, ನಾಲ್ಕು ಡೆಸ್ಕ್‌ಟಾಪ್‌ಗಳು ನಾಲ್ಕು ಮಗ್ಗುಲಾಗಿ ತಿರುಗತೊಡಗುತ್ತವೆ. ಚೆಂದವೇ ಸರಿ. ಆದರೆ ಲಿನಕ್ಸಿನ ಮೂರು ಆಯಾಮದ ಎಫೆಕ್ಟುಗಳಲ್ಲಿ ನಾನು ಮೊದಲ ಮಣೆ ಹಾಕುವುದು ಕ್ಯೂಬಿಗಲ್ಲ, ವಾಬ್ಲಿ ವಿಂಡೋಸ್‌ಗೆ.

ವಿಂಡೋದ ತಲೆಪಟ್ಟಿ ಹಿಡಿದು ಎಳೆಯಿರಿ. ಹಿಡಿದ ಜಾಗ ಮೊದಲು ಬರುತ್ತದೆ. ದೂರದ ಮೂಲೆ ಕೊಂಚ ತಡೆದು, ಬಾಗಿ, ಆಮೇಲೆ ಹಿಂಬಾಲಿಸುತ್ತದೆ. ಕೈ ನಿಂತ ಮೇಲೂ ಒಂದೆರಡು ಸಲ ತೂಗಾಡಿ ಸುಮ್ಮನಾಗುತ್ತದೆ. ಹಾಸಿದ ಬಾಳೆಯೆಲೆಯನ್ನು ಒಂದೇ ತುದಿ ಹಿಡಿದು ಎತ್ತಿದಾಗ ಆಗುತ್ತದಲ್ಲ, ಹಾಗೆ. ಇದರ ಒಳಗಿನ ಕೆಲಸ ಬಹಳ ಸರಳ, ಅದಕ್ಕೇ ನನಗೆ ಅಷ್ಟು ಇಷ್ಟ. ಪ್ರತಿ ವಿಂಡೋಗೂ ಸಾಲಿಗೆ ನಾಲ್ಕರಂತೆ ನಾಲ್ಕು ಸಾಲು, ಒಟ್ಟು 16 ಬಿಂದುಗಳ ಒಂದು ಕಾಣದ ಬಲೆ ಇರುತ್ತದೆ. ಅಕ್ಕಪಕ್ಕದ ಬಿಂದುಗಳ ನಡುವೆ ಒಂದೊಂದು ಸ್ಪ್ರಿಂಗ್. ನೀವು ಹಿಡಿದ ಕಡೆಯ ಬಿಂದು ಮೌಸಿನ ಜತೆ ಹೊರಡುತ್ತದೆ, ಮಿಕ್ಕವನ್ನು ಸ್ಪ್ರಿಂಗುಗಳು ಎಳೆದು ತರುತ್ತವೆ. ಆ ಕ್ಷಣಕ್ಕೆ ಬಿಂದುಗಳು ಎಲ್ಲೆಲ್ಲಿವೆಯೋ ನೋಡಿಕೊಂಡು ಒಂದು ಬಾಗಿದ ಮೇಲ್ಮೈಯ ಲೆಕ್ಕ ಹಾಕುವುದು ಕಾಂಪಿಜ್, ವಿಂಡೋದ ಚಿತ್ರವನ್ನು ಅದರ ಮೇಲೆ ಹೊದಿಸುವುದು ಗ್ರಾಫಿಕ್ಸ್ ಚಿಪ್ಪಿನ ಪಾಲು.

ಸೆಟ್ಟಿಂಗ್ಸಿನಲ್ಲಿ ತಿರುವಬೇಕಾದವು ಎರಡೇ: ಫ್ರಿಕ್ಷನ್ ಮತ್ತು ಸ್ಪ್ರಿಂಗಿನ ಬಿಗಿ. ಮೊದಲೇ ಬರುವ ಅಂಕಿಗಳು 3 ಮತ್ತು 8. ಫ್ರಿಕ್ಷನ್ ಇಳಿಸಿದರೆ ವಿಂಡೋ ತುಂಬ ಹೊತ್ತು ಓಲಾಡುತ್ತದೆ, ನಾಲ್ಕು ಜನರೆದುರು ತೋರಿಸಲು ಸೈ, ಕೆಲಸಕ್ಕೆ ಬಾರದು. ನಾನು 4ರ ಮೇಲಕ್ಕೆ ಏರಿಸಿಕೊಳ್ಳುತ್ತೇನೆ. ಆಗ ಬಳುಕು ಕಣ್ಣಿಗೆ ಬೀಳುವುದಕ್ಕಿಂತ ಕೈಗೆ ತಿಳಿಯುತ್ತದೆ. ವಿಂಡೋಗೊಂದು ತೂಕ ಬಂದಿರುತ್ತದೆ. ಆ ತೂಕವೇ ಇದರ ಹದ.

ಇಷ್ಟೆಲ್ಲ ಸಾಧ್ಯವಾಗಿದ್ದು ಹೇಗೆ? ಹಿಂದೆ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಪ್ರತಿ ಪ್ರೋಗ್ರಾಮೂ ನೇರ ಪರದೆಯ ಮೇಲೇ ಬರೆಯುತ್ತಿತ್ತು. 2004ರಲ್ಲಿ ಬಂದ ಕಾಂಪೋಸಿಟ್ ಸೌಲಭ್ಯ ಆ ಬರವಣಿಗೆಯನ್ನು ತೆರೆಮರೆಗೆ ಕಳಿಸಿತು. ಪ್ರತಿ ವಿಂಡೋವೂ ಬೇರೆ ಬೇರೆ ಚಿತ್ರವಾಗಿ ತಯಾರಾಗುತ್ತದೆ, ಅವನ್ನೆಲ್ಲ ಜೋಡಿಸಿ ಪರದೆಗೆ ತರುವವನು ಬೇರೆಯವನು. ಆ ಜೋಡಿಸುವವನ ಕೆಲಸ ಹಿಡಿದದ್ದು ಕಾಂಪಿಜ್. ನೊವೆಲ್ ಕಂಪನಿಯ ಡೇವಿಡ್ ರೆವ್‌ಮನ್ 2006ರ ಆರಂಭದಲ್ಲಿ ಅದನ್ನು ಹೊರಬಿಟ್ಟರು. ಮೈಕ್ರೋಸಾಫ್ಟಿನ ವಿಸ್ತಾ ತನ್ನ ಗಾಜಿನ ಅಂಚುಗಳನ್ನು ಹೊತ್ತು ಅಂಗಡಿಗೆ ಬಂದದ್ದು ಅದಾಗಿ ಸುಮಾರು ಒಂದು ವರ್ಷಕ್ಕೆ, 2007ರ ಜನವರಿ 30ಕ್ಕೆ.

ಬಳುಕಿಸುವ ಸ್ಪ್ರಿಂಗಿನ ಲೆಕ್ಕ ಬರೆದವರು ಮಾತ್ರ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್. ಅವರಿದ್ದದ್ದು ನೊವೆಲ್‌ನ ಎದುರಾಳಿ ರೆಡ್ ಹ್ಯಾಟ್‌ನಲ್ಲಿ. ಕಾಂಪಿಜ್‌ನ ಸೋರ್ಸ್ ಕೋಡಿನಲ್ಲಿ ಅವರ ಹೆಸರನ್ನು ಹೇಳಿಯೇ ಬಳಸಿಕೊಂಡಿದ್ದಾರೆ. ಎದುರಾಳಿಯ ಕೆಲಸವನ್ನು ಬಚ್ಚಿಡದೆ, ಹೆಸರು ಹೇಳಿ ಮುಂದುವರಿಸುವ ಈ ರೀತಿ ಮುಕ್ತ ತಂತ್ರಾಂಶದಲ್ಲಿ ನಾನು ಅತಿ ಹೆಚ್ಚು ಗೌರವಿಸುವ ಸಂಗತಿ. 2006ರ ಸೆಪ್ಟೆಂಬರಿನಲ್ಲಿ ಕಾಂಪಿಜ್‌ನವರದೇ ಒಂದು ಗುಂಪು ಮುನಿಸಿಕೊಂಡು ಬೆರಿಲ್ ಎಂಬ ಕವಲು ಕಟ್ಟಿತು, 2007ರಲ್ಲಿ ಮತ್ತೆ ಒಂದಾಗಿ ಕಾಂಪಿಜ್ ಫ್ಯೂಷನ್ ಆಯಿತು. ಆ ಅಕ್ಟೋಬರಿನ ಉಬುಂಟು 7.10ರಲ್ಲಿ, ಗ್ರಾಫಿಕ್ಸ್ ಚಿಪ್ ತಾಳುವಂತಿದ್ದರೆ, ಎಫೆಕ್ಟುಗಳು ತಾವಾಗಿಯೇ ಚಾಲೂ ಇರುತ್ತಿದ್ದವು. ಶಿಪ್‌ಇಟ್ ಯೋಜನೆಯಲ್ಲಿ ಉಬುಂಟು ಸಿ.ಡಿ. ಪುಕ್ಕಟೆಯಾಗಿ ಅಂಚೆಯಲ್ಲಿ ಬರುತ್ತಿದ್ದ ಕಾಲವದು. ಇಂಟರ್ನೆಟ್ ಕುಂಟುತ್ತಿದ್ದ ಹಳ್ಳಿಗಳಿಗೂ ಲಿನಕ್ಸ್ ಹೊಕ್ಕಿದ್ದು ಆ ಲಕೋಟೆಗಳಲ್ಲೇ.

ಕನ್ನಡ ಬಳಸುವವರಿಗೆ ಇಲ್ಲೊಂದು ಸಮಾಧಾನ ಇದೆ. ಒತ್ತಕ್ಷರ, ಗುಣಿತಗಳನ್ನು ಜೋಡಿಸುವ ಕೆಲಸ ವಿಂಡೋದ ಚಿತ್ರ ತಯಾರಾಗುವಾಗಲೇ ಮುಗಿದಿರುತ್ತದೆ. ಕಾಂಪಿಜ್ ಕೈಗೆ ಬರುವುದು ಬರೆದು ಮುಗಿದ ಹಾಳೆ. ಹಾಗಾಗಿ ವಿಂಡೋ ಎಷ್ಟೇ ಬಳುಕಲಿ, ‘ಸ್ತ್ರೀ’ ಎಂಬ ಅಕ್ಷರ ಒಡೆದು ಮೂರು ತುಂಡಾಗುವುದಿಲ್ಲ.

ಇನ್ನು ಮಿಕ್ಕ ಎಫೆಕ್ಟುಗಳು. ಪರದೆಯ ಮೇಲೆ ಬೆಂಕಿ ಎಳೆಯುವುದು, ಮಳೆ ಸುರಿಸುವುದು ಒಂದು ಸಂಜೆಗೆ ಸಾಕು. ಮಳೆಯ ವಿಷಯದಲ್ಲಿ ನನ್ನ ತಕರಾರು ಬರೀ ಅಭಿರುಚಿಯದಲ್ಲ. ಪರದೆಯಲ್ಲಿ ಏನಾದರೂ ಬದಲಾದರೆ ಮಾತ್ರ ಕಾಂಪಿಜ್ ಮತ್ತೆ ಬಣ್ಣ ಹಚ್ಚುತ್ತದೆ. ವಿಂಡೋ ನಿಂತ ಕೂಡಲೇ ಅದೂ ಸುಮ್ಮನಿರುತ್ತದೆ. ಮಳೆ ಶುರು ಮಾಡಿದಿರೋ, ಚಿಪ್‌ಗೆ ಬಿಡುವೇ ಇಲ್ಲ. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುತ್ತಿದ್ದಾಗ ಇದು ಸಲ್ಲದ ದುಂದು.

ಜೂಮ್ ಎಫೆಕ್ಟನ್ನು ಮಾತ್ರ ಯಾರೂ ಕೈಬಿಡಬೇಡಿ. ವಿಂಡೋಸ್ ಚಿಹ್ನೆಯ ಕೀ ಒತ್ತಿ ಮೌಸಿನ ಗಾಲಿ ಉರುಳಿಸಿದರೆ ಇಡೀ ಪರದೆ ದೊಡ್ಡದಾಗುತ್ತದೆ. ಕಣ್ಣು ಮಂಜಾದ ಹಿರಿಯರು ಇ-ಪೇಪರ್ ಓದುವುದಕ್ಕೆ ಇದಕ್ಕಿಂತ ಸಲೀಸಾದ ದಾರಿ ನಾನು ಕಂಡಿಲ್ಲ. ಹಿಗ್ಗುವುದು ಚಿತ್ರವಾದ್ದರಿಂದ ವಿಪರೀತ ಹಿಗ್ಗಿಸಿದರೆ ಅಕ್ಷರದ ಅಂಚು ಮಸುಕಾಗುತ್ತದೆ, ಅಷ್ಟೆ. ಅದೇ ಕೀ ಜತೆ ಎಂ ಒತ್ತಿದರೆ ಬಿಳಿ ಕಪ್ಪಾಗಿ, ಕಪ್ಪು ಬಿಳಿಯಾಗುತ್ತದೆ. ರಾತ್ರಿ ಓದುವವರಿಗೆ ಹಿತ.

ಕ್ಯೂಬ್ ಬೇಕೇ ಬೇಕು ಎನ್ನುವವರಿಗೆ: ಜನರಲ್ ಆಪ್ಷನ್ಸ್‌ನ ಡೆಸ್ಕ್‌ಟಾಪ್ ಸೈಜ್‌ನಲ್ಲಿ ಅಡ್ಡಕ್ಕೆ 4, ಉದ್ದಕ್ಕೆ 1 ಎಂದು ಕೊಡಿ. ಡೆಸ್ಕ್‌ಟಾಪ್‌ಗಳ ಸಂಖ್ಯೆಯನ್ನು ಮುಟ್ಟಬೇಡಿ, ಅದು 1 ಆಗಿಯೇ ಇರಲಿ. ಅಡ್ಡಕ್ಕೆ 2 ಕೊಟ್ಟರೆ ಕ್ಯೂಬಿನ ಬದಲು ಎರಡು ಮುಖದ ಹಾಳೆ ತಿರುಗುತ್ತದೆ, 3 ಕೊಟ್ಟರೆ ತ್ರಿಕೋನದ ಕಂಬ. ಸ್ಕೈಡೋಮ್ ಎಂಬಲ್ಲಿ ಹಿನ್ನೆಲೆಗೆ ನಿಮ್ಮದೇ ಚಿತ್ರ ಹಾಕಬಹುದು. ನನ್ನಲ್ಲಿರುವುದು ಗುಂಡ್ಲುಪೇಟೆ ಕಡೆಯ ಸೂರ್ಯಕಾಂತಿ ಹೊಲ. ಎಲ್ಲವೂ ತೆವಳುತ್ತಿದ್ದರೆ ಟರ್ಮಿನಲ್‌ನಲ್ಲಿ ಜಿಎಲ್‌ಎಕ್ಸ್‌ಇನ್ಫೊ ಆಜ್ಞೆ ಕೊಟ್ಟು ರೆಂಡರರ್ ಎಂಬ ಸಾಲು ನೋಡಿ. ಅಲ್ಲಿ ಎಲ್‌ಎಲ್‌ವಿಎಂಪೈಪ್ ಎಂದಿದ್ದರೆ ಗ್ರಾಫಿಕ್ಸ್ ಡ್ರೈವರ್ ಕೂತಿಲ್ಲ, ಚಿತ್ರದ ಭಾರವನ್ನೆಲ್ಲ ಪ್ರೊಸೆಸರೇ ಹೊರುತ್ತಿದೆ ಎಂದರ್ಥ.

ಸ್ಪ್ರಿಂಗ್ ಬರೆದ ಹೋಗ್ಸ್‌ಬರ್ಗ್ ಅವರೇ 2008ರಲ್ಲಿ ವೇಲ್ಯಾಂಡ್ ಶುರುಮಾಡಿದರು. ಎಕ್ಸ್ ಇದ್ದ ಜಾಗಕ್ಕೆ ಅದು ಬರುತ್ತಿದೆ, ಮತ್ತು ಅದರ ಮೇಲೆ ಕಾಂಪಿಜ್ ನಡೆಯದು. ಹಾಗೆಂದು ಬಳುಕು ನಿಂತಿಲ್ಲ. ವೇಲ್ಯಾಂಡಿಗೆಂದೇ ಕಟ್ಟಿದ ವೇಫೈರ್‌ನಲ್ಲಿ ಕ್ಯೂಬೂ ಇದೆ, ವಾಬ್ಲಿಯೂ ಇದೆ. ಕೆಡಿಇ ಪ್ಲಾಸ್ಮಾ ನಡುವೆ ಕೈಬಿಟ್ಟಿದ್ದ ಕ್ಯೂಬನ್ನು 2024ರ ಫೆಬ್ರವರಿಯಲ್ಲಿ ಬಂದ 6ನೇ ಆವೃತ್ತಿಯಲ್ಲಿ ವಾಪಸ್ ತಂದಿದೆ. ಹೊಸ ಯಂತ್ರ ಇದ್ದವರು ಪ್ಲಾಸ್ಮಾ ಹಾಕಿ, ಡೆಸ್ಕ್‌ಟಾಪ್ ಎಫೆಕ್ಟ್ಸ್‌ನಲ್ಲಿ ವಾಬ್ಲಿ ವಿಂಡೋಸ್ ಮುಂದೆ ಟಿಕ್ ಮಾಡಿದರೆ ಸಾಕು. ಹಳೇ ಲ್ಯಾಪ್‌ಟಾಪಿನವರು ಎಕ್ಸ್ ಮೇಲೆ ನಡೆಯುವ ಮಾಟೆ ಡೆಸ್ಕ್‌ಟಾಪ್ ಹಾಕಿಕೊಂಡು ಕಾಂಪಿಜ್ ಅನ್ನೇ ಹಿಡಿಯಿರಿ. ಬಳುಕಿನ ಹದ ಅಲ್ಲಿ ಅಂಕಿ ಅಂಕಿಯಾಗಿ ಕೈಗೆ ಸಿಗುತ್ತದೆ.